ಇಬ್ಬರು ನಿಲ್ಲಲಾಗದ ಅಡುಗೆಮನೆ

ದೇರೆಬೈಲಿನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದರೆ ಒಳಗಿದ್ದವರು ಹೊರಗೆ ಬರುವಂತಿರಲಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿರಲಿಲ್ಲ. ಮನೆ ನೋಡಲು ಬಂದ ದಿನ ಇದು ನಮಗೆ ಹೊಳೆಯಲೇ ಇಲ್ಲ. ಸಾಮಾನಿಲ್ಲದ ಮನೆಯಲ್ಲಿ ಎಲ್ಲ ಕೋಣೆಯೂ ದೊಡ್ಡದಾಗಿಯೇ ಕಾಣುತ್ತದೆ. ನಾನು ಕಿಟಕಿಯಿಂದ ಗಾಳಿ ಬರುತ್ತದಾ ಎಂದು ನೋಡಿದೆ. ನನ್ನ ಗಂಡ ನಲ್ಲಿ ತಿರುಗಿಸಿ ನೀರು ನೋಡಿದರು. ಮಾವ ಪೂರ್ವ ಯಾವ ಕಡೆ ಎಂದು ಕೇಳಿ ತಿಳಿದುಕೊಂಡು ಸುಮ್ಮನೆ ತಲೆಯಾಡಿಸಿದರು.

ಮಾವ ಊರ ಹೊರಗಿನ ಒಂದು ಸಣ್ಣ ದೇವಸ್ಥಾನದಲ್ಲಿ ಆಯುಷ್ಯವಿಡೀ ಪೂಜೆ ಮಾಡಿದವರು. ದೇವಸ್ಥಾನದ ಪಕ್ಕದಲ್ಲೇ ಅರ್ಚಕರಿಗೆಂದು ಕೊಟ್ಟ ಮನೆಯಲ್ಲಿ ಅತ್ತೆಯ ಜೊತೆ ಇದ್ದರು. ಅತ್ತೆ ತೀರಿಕೊಂಡ ಮೇಲೆ ಒಂದು ವರ್ಷ ಹೇಗೋ ನಡೆಯಿತು. ಆಮೇಲೆ ಮಂಡಿ ಸೋತಿತು, ನೆಲಕ್ಕೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕಾಯಿತು. ಪೂಜೆಯನ್ನು ಬೇರೆಯವರಿಗೆ ಒಪ್ಪಿಸಿದರು. ಪೂಜೆಯ ಜೊತೆ ಮನೆಯೂ ಹೋಯಿತು. ಅವರನ್ನು ಕರೆದುಕೊಂಡು ಬರಬೇಕೆಂದೇ ನಾವು ಬಾಡಿಗೆಯ ಒಂಟಿ ಕೋಣೆಯ ಮನೆ ಬಿಟ್ಟು ಈ ಫ್ಲ್ಯಾಟಿಗೆ ಬಂದದ್ದು. ನಾನು ಹೈಸ್ಕೂಲ್ ಟೀಚರು, ನನ್ನ ಗಂಡನಿಗೆ ಹಂಪನಕಟ್ಟೆಯ ಹತ್ತಿರ ವಿಮಾ ಕಚೇರಿಯಲ್ಲಿ ಕೆಲಸ. ಮಕ್ಕಳಿಲ್ಲ. ಮೂರೇ ಜನಕ್ಕೆ ಇಷ್ಟು ಸಾಕು ಅಂದುಕೊಂಡಿದ್ದೆವು.

ತೊಂದರೆ ಬಂದದ್ದು ಮೊದಲ ಬೆಳಿಗ್ಗೆಯೇ. ಮಾವ ಬೇಗ ಎದ್ದು, ಸ್ನಾನ ಜಪ ಮುಗಿಸಿ, ಕಾಫಿ ತಾವೇ ಮಾಡಿಕೊಳ್ಳುವವರು. ನಾನು ಬಾಗಿಲಲ್ಲಿ ಕಾಣಿಸಿದ ಕೂಡಲೇ ಕೈಯಲ್ಲಿದ್ದದ್ದನ್ನು ಅಲ್ಲೇ ಇಟ್ಟು, ಗೋಡೆಗೆ ಒತ್ತಿಕೊಂಡು ನಿಂತು, ನಾನು ಹಿಂದೆ ಸರಿದು ದಾರಿ ಬಿಟ್ಟ ಮೇಲೆ ಹೊರಗೆ ಹೋಗಿಬಿಡುತ್ತಿದ್ದರು. ನಮ್ಮಲ್ಲಿ ಮಾವ, ಸೊಸೆ ಎಂದರೆ ಒಂದು ಅಂತರ ಇದ್ದೇ ಇರುತ್ತದೆ. ಊಟಕ್ಕೆ ಕರೆಯುವಾಗ ನಾನು "ಬಡಿಸಿದೆ" ಎಂದು ಗಾಳಿಗೆ ಹೇಳುತ್ತಿದ್ದೆ. ಅವರು "ಬಂದೆ" ಎಂದು ಗೋಡೆಗೆ ಹೇಳುತ್ತಿದ್ದರು. ದೊಡ್ಡ ಮನೆಯಲ್ಲಿ ಈ ಅಂತರ ಯಾರಿಗೂ ಅಡ್ಡ ಬರುವುದಿಲ್ಲ. ನಮ್ಮ ಅಡುಗೆಮನೆಯಲ್ಲಿ ಅದನ್ನು ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ.

ಒಂದು ದಿನ ಅವರು ಹಾಲು ಕಾಯಲಿಕ್ಕೆ ಇಟ್ಟಿದ್ದರು. ನಾನು ಬಂದೆ, ಅವರು ಹೊರಗೆ ಹೋದರು. ಅವರ ಕಾಫಿ ಆಗಲಿ ಪಾಪ ಎಂದು ನಾನೂ ಹೊರಗೆ ಬಂದು ನಿಂತೆ. ನಾನು ಮೊದಲು ಹೋಗಲಿ ಎಂದು ಅವರು, ಅವರು ಮೊದಲು ಹೋಗಲಿ ಎಂದು ನಾನು. ಒಳಗೆ ಹಾಲು ಉಕ್ಕಿ ಒಲೆ ಆರಿತು. ಹಲ್ಲುಜ್ಜುತ್ತಾ ಬಂದ ನನ್ನ ಗಂಡ, "ಎಂತ ಮಾರಾಯ್ತಿ, ಇಬ್ಬರು ಇದ್ದೂ ಹಾಲು ಉಕ್ಕಿತಾ?" ಎಂದರು. ಮಾವ ಮುಖ ಆಚೆ ತಿರುಗಿಸಿದರು. ಅವರು ನಗುತ್ತಿದ್ದರೋ ಏನೋ, ಆಗ ನನಗೆ ತಿಳಿಯಲಿಲ್ಲ.

ಅಡುಗೆಮನೆ ಇದ್ದದ್ದು ಹೀಗೆ: ಬಾಗಿಲಿನಿಂದ ಕಿಟಕಿಯವರೆಗೆ ಒಂದು ಓಣಿ. ಎಡಕ್ಕೆ ಕಲ್ಲಿನ ಕಟ್ಟೆ, ಅದರ ಮೇಲೆ ಒಲೆ, ಅಡಿಯಲ್ಲಿ ಸಿಲಿಂಡರು. ಕಿಟಕಿಯ ಕೆಳಗೆ ಸಿಂಕು. ಬಲಗೋಡೆಗೆ ಫ್ರಿಜ್ಜು, ಅಕ್ಕಿ ಡಬ್ಬ, ಗ್ರೈಂಡರು. ಇದು ಸಾಲದೆಂದು ಮಾವನ ಮನೆಯಿಂದ ಬಂದ ಗೋಣಿಗಳು. ಅತ್ತೆ ಬಳಸುತ್ತಿದ್ದ ಅಗಲ ಬಾಯಿಯ ಕಂಚಿನ ಉರುಳಿ, ತಪಲೆಗಳು, ಮಿಡಿ ಉಪ್ಪಿನಕಾಯಿಯ ಭರಣಿಗಳು, ತೆಂಗಿನಕಾಯಿ ಹೆರೆಯುವ ಮಣೆ. "ಇಷ್ಟೆಲ್ಲ ಎಲ್ಲಿ ಇಡುದು? ಗುಜರಿಗೆ ಹಾಕುವ" ಎಂದರು ನನ್ನ ಗಂಡ. ಮಾವ ಆ ದಿನ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು. ನಾನು ಗೋಣಿಗಳನ್ನು ಬಾಗಿಲ ಹಿಂದೆ ಸೇರಿಸಿ, ರಜೆಯಲ್ಲಿ ನೋಡುವ ಎಂದೆ.

ರಜೆ ಬರುವವರೆಗೆ ಮೊಬೈಲಿನಲ್ಲಿ ಸಣ್ಣ ಅಡುಗೆಮನೆಗಳ ವಿಡಿಯೋ ನೋಡಿದೆ. ಅವುಗಳಲ್ಲಿ ಎಲ್ಲವೂ ಬಿಳಿ, ಎಲ್ಲವೂ ಗಾಜಿನ ಬಾಟಲಿಯಲ್ಲಿ. ಯಾರ ಮನೆಯಲ್ಲೂ ಕುಚ್ಚಲಕ್ಕಿಯ ಮೂಟೆ ಇಲ್ಲ. ಆದರೂ ಗೋಡೆಗೆ ಅಂಟಿಸುವ ಕೊಕ್ಕೆಗಳನ್ನು ತಂದು ಸಾಲಾಗಿ ಅಂಟಿಸಿದೆ. ಸೌಟು, ಜರಡಿ, ಲಟ್ಟಣಿಗೆ ಎಲ್ಲ ತೂಗಿಬಿಟ್ಟೆ. ಎರಡು ದಿನ ಚೆಂದ ಇತ್ತು. ನಮ್ಮ ಊರಿನ ತೇವಕ್ಕೆ ಆಮೇಲೆ ಒಂದೊಂದೇ ಕೊಕ್ಕೆ ಗೋಡೆ ಬಿಟ್ಟು, ಕೊನೆಗೆ ಕಬ್ಬಿಣದ ಸೌಟು ನೇರ ಸಾರಿನ ಪಾತ್ರೆಗೇ ಬಿತ್ತು. ನಾನು ನೆಲ ಒರೆಸುತ್ತಿದ್ದಾಗ ಮಾವ ಹೊಸ್ತಿಲ ಆಚೆ ಬಂದು ನಿಂತರು.

"ಒಂದು ಮಾತು ಹೇಳ್ಬಹುದಾ?"

"ಹೇಳಿ ಮಾವ."

"ನಾನು ಇದಕ್ಕಿಂತ ಸಣ್ಣ ಕೋಣೆಯಲ್ಲಿ ಕೆಲಸ ಮಾಡಿದವ."

"ಎಲ್ಲಿ?"

"ಗರ್ಭಗುಡಿಯಲ್ಲಿ."

ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಾನು ಕೇಳಿಸಿಕೊಂಡೆ. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಅಲ್ಲಿ ಒಬ್ಬ ಕೂತರೆ ಮತ್ತೆ ಜಾಗ ಇಲ್ಲ. ಕೂತವ ನಡುವಿನಲ್ಲಿ ಏಳುವ ಹಾಗೂ ಇಲ್ಲ. ನೀರು ಬಲಕ್ಕೆ, ಹೂವು ಎದುರಿಗೆ, ಗಂಟೆ ಎಡಕ್ಕೆ. ಮೊದಲು ಬೇಕಾದ್ದು ಹತ್ತಿರ, ಕೊನೆಗೆ ಬೇಕಾದ್ದು ಸ್ವಲ್ಪ ಆಚೆ. ಬೆಳಕು ಅಂದ್ರೆ ದೀಪದ್ದು ಮಾತ್ರ. ಕಣ್ಣು ಹಾಕಿ ಹುಡುಕಿದ್ರೆ ಆಗುದಿಲ್ಲ, ಕೈ ಹೋದಲ್ಲಿ ಇರ್ಬೇಕು. ಮತ್ತೊಂದು. ಇವತ್ತಿಗೆ ಬೇಡದ್ದು ಯಾವುದೂ ಒಳಗೆ ಇರ್ಬಾರ್ದು. ಅದೆಲ್ಲ ಹೊರಗಿನ ಉಗ್ರಾಣದಲ್ಲಿ."

"ನಮಗೆ ಉಗ್ರಾಣ ಎಲ್ಲುಂಟು ಮಾವ?"

"ನನ್ನ ಮಂಚದ ಅಡಿ ಖಾಲಿ ಉಂಟಲ್ಲ" ಎಂದರು.

ಮರುದಿನದಿಂದ ಇಬ್ಬರೂ ಸೇರಿ ಅಡುಗೆಮನೆಯನ್ನು ಪೂರ್ತಿ ಹೊರಗೆ ತಂದು ಸುರಿದೆವು. ಇವತ್ತಿಗೆ ಬೇಕಾ, ಬೇಡವಾ ಎಂದು ಒಂದೊಂದನ್ನೇ ಎತ್ತಿ ಕೇಳುವುದು ನನ್ನ ಕೆಲಸ, ತೀರ್ಪು ಅವರದು. ಫ್ರಿಜ್ಜು ಟಿವಿಯ ಪಕ್ಕಕ್ಕೆ ಹೋಯಿತು. ಅಕ್ಕಿ ನಮ್ಮ ಮಂಚದ ಅಡಿಗೆ, ಭರಣಿಗಳು ಮಾವನ ಮಂಚದ ಅಡಿಗೆ. ಅವರ ಕೋಣೆಗೆ ಹೋದರೆ ವಿಭೂತಿಯ ಜೊತೆ ಉಪ್ಪಿನಕಾಯಿಯ ವಾಸನೆಯೂ ಬರತೊಡಗಿತು. ಉರುಳಿಯನ್ನು ಬಾಗಿಲ ಮೇಲಿನ ಅಟ್ಟದಲ್ಲಿ ಬೋರಲು ಹಾಕಿ, ಅದರ ಮೇಲೆ ತಪಲೆಗಳನ್ನು ಒಂದರೊಳಗೊಂದು ಕೂರಿಸಿದೆವು. ಗ್ರೈಂಡರಿನ ಅಡಿಗೆ ಚಕ್ರದ ಹಲಗೆ ಮಾಡಿಸಿ ಸಿಂಕಿನ ಕೆಳಗೆ ತಳ್ಳಿದೆವು. ಬಲಗೋಡೆ ಬರಿದಾಯಿತು. ಅಲ್ಲಿಗೆ ಮರಗೆಲಸದ ಆಚಾರಿಯನ್ನು ಕರೆಸಿ, ಬೇಡವಾದಾಗ ಮಡಚಿ ಗೋಡೆಗೆ ಸೇರಿಸುವಂಥ ಒಂದು ಹಲಗೆ ಹೊಡೆಸಿದೆ. ಅದರ ಮುಂದೆ ಎತ್ತರದ ಸ್ಟೂಲು. ಮಂಡಿ ಬಗ್ಗಿಸದೆ ಮಾವ ಅದರ ಮೇಲೆ ಕೂತು ತರಕಾರಿ ಹೆಚ್ಚಬಹುದು, ತೆಂಗಿನಕಾಯಿ ಹೆರೆಯಬಹುದು. ಹೆರೆಮಣೆಯ ನಾಲಿಗೆಯನ್ನು ಹಲಗೆಯ ಅಂಚಿಗೇ ಬಿಗಿದುಕೊಟ್ಟ ಆಚಾರಿ.

ನನ್ನ ಗಂಡ ಬಂದು ನೋಡಿ, "ಫ್ರಿಜ್ಜು ಟಿವಿ ನೋಡ್ತಾ ಉಂಟಲ್ಲ" ಎಂದರು. ಅಷ್ಟೇ ಅವರ ಅಭಿಪ್ರಾಯ.

ನಾನು ಒಲೆಯ ಕಡೆ ತಿರುಗಿ ನಿಂತರೆ ಮಾವ ಹಲಗೆಯ ಕಡೆ ತಿರುಗಿ ಕೂತಿರುತ್ತಿದ್ದರು. ಬೆನ್ನಿಗೆ ಬೆನ್ನು. ನಡುವೆ ಒಂದು ಗೇಣು ಜಾಗ. ನನಗೆ ಏನಾದರೂ ಬೇಕಾದರೆ ಕೈಯನ್ನು ಹಿಂದಕ್ಕೆ ಚಾಚುವುದು. ಹೆಚ್ಚಿದ ಬೆಂಡೆಕಾಯಿಯ ತಟ್ಟೆಯೋ, ಕಾಯಿತುರಿಯೋ ಬಂದು ಕೈ ಸೇರುವುದು. ಮುಖ ನೋಡಬೇಕಾಗಿರಲಿಲ್ಲ. ಹಾಗಾಗಿಯೇ ಇರಬೇಕು, ಮಾತು ಬಂತು.

ಮೊದಮೊದಲು ಅಡುಗೆಯದ್ದೇ ಮಾತು. ಹುಳಿಯಂಥ ಕೊದ್ದೆಲಿಗೆ ಬೆಲ್ಲ ಯಾವಾಗ, ತಂಬುಳಿಗೆ ಜೀರಿಗೆ ಎಷ್ಟು. ಒಂದು ಬೆಳಿಗ್ಗೆ ಕಾಯಿ ಹೆರೆಯುವ ಸದ್ದು ನಿಂತಿತು. "ಅವಳು ನನ್ನನ್ನು ಅಡುಗೆಮನೆಗೆ ಬಿಡ್ತಿರಲಿಲ್ಲ" ಎಂದರು ಮಾವ. "ದೇವಸ್ಥಾನದಲ್ಲಿ ನೈವೇದ್ಯ ನಾನೇ ಮಾಡುದು. ಮನೆಗೆ ಬಂದ್ರೆ, ದೇವರಿಗೆ ಮಾಡಿ ಹಾಕಿದ್ದು ಸಾಕು, ಇಲ್ಲಿ ಕೂತು ಉಣ್ಣಿ ಅಂತ ಹೇಳ್ತಿದ್ದಳು. ಅವಳ ಜೊತೆ ಒಂದು ದಿನವೂ ಹೀಗೆ ಅಡುಗೆ ಮಾಡ್ಲಿಲ್ಲ."

ಅತ್ತೆ ಹೋದಮೇಲೆ ಅವರು ಅತ್ತೆಯ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ. ನನಗೆ ತಿರುಗಿ ನೋಡಬೇಕೆನ್ನಿಸಿತು. ತಿರುಗಲಿಲ್ಲ. ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು, ಉರಿ ಸಣ್ಣ ಮಾಡಿದೆ. ಆಮೇಲೊಂದು ದಿನ ನಾನೂ ಹೇಳಿದೆ. ಮಕ್ಕಳಾಗಲಿ ಎಂದು ತಿರುಗಿದ ಆಸ್ಪತ್ರೆಗಳ ಬಗ್ಗೆ, ಕೊನೆಗೆ ಸಾಕು ಎಂದು ನಾವಿಬ್ಬರೂ ತೀರ್ಮಾನಿಸಿದ ಬಗ್ಗೆ. ಮನೆಯ ಹಿರಿಯರಿಗೆ ನಾವಾಗಿ ಎಂದೂ ಹೇಳಿರದ ಮಾತು ಅದು. ಅವರು ಸಮಾಧಾನ ಹೇಳಲಿಲ್ಲ, ಹರಕೆಯ ಮಾತೂ ಆಡಲಿಲ್ಲ. ಕಾಯಿತುರಿಯ ತಟ್ಟೆಯನ್ನು ನನ್ನ ಕೈಗೆ ದಾಟಿಸುತ್ತಾ, "ನೀನು ಹೊಟ್ಟೆಗೆ ಸರಿಯಾಗಿ ಹಾಕಿಕೊಳ್ಳುದಿಲ್ಲ ಮಗಾ" ಎಂದರು. ಆ ದಿನ ನನ್ನ ಬುತ್ತಿಯಲ್ಲಿ ನಾನು ಇಟ್ಟದ್ದಕ್ಕಿಂತ ಒಂದು ದೋಸೆ ಜಾಸ್ತಿ ಇತ್ತು.

ವರ್ಷ ತಿರುಗಿ ಅತ್ತೆಯ ತಿಥಿ ಬಂತು. ಹೊಸ ಮನೆಯಲ್ಲಿ ಮೊದಲ ತಿಥಿ. ಗಂಡನ ಅಕ್ಕ, ಅಂದರೆ ನನ್ನ ಅತ್ತಿಗೆ, ಕುಲಶೇಖರದಲ್ಲಿದ್ದಾರೆ. ಅವರದು ದೊಡ್ಡ ಮನೆ. ಫೋನು ಮಾಡಿ, "ನಿಮ್ಮ ಆ ಬೆಂಕಿಪೊಟ್ಟಣದಲ್ಲಿ ತಿಥಿಯ ಅಡುಗೆ ಹೇಗೆ ಮಾಡ್ತೀ? ಎಲ್ಲರೂ ಇಲ್ಲಿಗೇ ಬನ್ನಿ" ಎಂದರು. ಪ್ರೀತಿಯಿಂದಲೇ ಹೇಳಿದ್ದು. ನಾನು ಮಾವನನ್ನು ಕೇಳಿದೆ.

"ಇಲ್ಲೇ ಮಾಡುವ" ಎಂದರು ಮಾವ. "ನಾವಿಬ್ಬರು ಸಾಕು."

ತಿಥಿಯ ಅಡುಗೆ ಮಾಮೂಲಿನಂತಲ್ಲ. ಒಣಮೆಣಸು ಇಲ್ಲ, ಖಾರಕ್ಕೆ ಕಾಳುಮೆಣಸೇ. ಉದ್ದಿನ ವಡೆ, ಹೆಸರುಬೇಳೆ ಪಾಯಸ, ಹಾಗಲಕಾಯಿ, ಬಾಳೆಕಾಯಿ, ಎಳ್ಳುಂಡೆ. ಎಲ್ಲ ಮಡಿಯಲ್ಲಿ, ಎಲ್ಲ ಅದೇ ಬೆಳಿಗ್ಗೆ. ಮಾವ ಹಿಂದಿನ ದಿನವೇ ಹಲಗೆಯ ಮೇಲೆ ಡಬ್ಬಗಳನ್ನು ತಮ್ಮ ಕ್ರಮದಲ್ಲಿ ಇಟ್ಟುಕೊಂಡರು. ಅಟ್ಟದಿಂದ ಉರುಳಿ ಇಳಿಯಿತು. ಬೆಳಕು ಹರಿಯುವ ಹೊತ್ತಿಗೆ ನಾನು ಪಾಯಸಕ್ಕೆ ಬೇಳೆ ಬೇಯಲಿಟ್ಟಿದ್ದೆ, ಅವರು ಹಾಗಲಕಾಯಿ ಹೆಚ್ಚಿ ಮುಗಿಸಿದ್ದರು. ಹೊರಗೆ ಪುರೋಹಿತರು ಬಂದು, ನನ್ನ ಗಂಡ ತಿಥಿಯ ಕ್ರಿಯೆಗೆ ಕೂತಿದ್ದರು. ಬೆನ್ನ ಹಿಂದೆ ಕೈ ಚಾಚುವುದು, ಕೊಡುವುದು, ಇಸಕೊಳ್ಳುವುದು, ಒಂದೂ ಮಾತಿಲ್ಲದೆ ಸಾಗಿತ್ತು.

ಅಷ್ಟರಲ್ಲಿ ಅತ್ತಿಗೆ ಬಂದರು. ಸ್ನಾನ ಮಾಡಿ ಮಡಿಯುಟ್ಟು ಸಹಾಯಕ್ಕೆಂದೇ ಬಂದದ್ದು. ಒಳಗೆ ಜಾಗ ಎಲ್ಲಿ? ಮಾವ ಒಮ್ಮೆ ಪುರೋಹಿತರನ್ನು ಮಾತಾಡಿಸಲು ಹೊರಗೆ ಹೋದಾಗ ಅತ್ತಿಗೆ ಒಳಗೆ ಬಂದರು. ಹಲಗೆ ನೋಡಿ, "ಎಂತ ಇದು, ಸಂತೆಯ ಹಾಗೆ ಉಂಟು" ಎಂದು ಡಬ್ಬಗಳನ್ನೆಲ್ಲ ಒರೆಸಿ, ಒಂದು ಸ್ಟೀಲಿನ ತಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿ ಎಡಬದಿಗೆ ಸರಿಸಿಟ್ಟರು. ನಾನು ಪಾಯಸ ತಿರುವುತ್ತಿದ್ದೆ, ಮಾತು ಕೇಳಿದರೂ ತಿರುಗಿ ನೋಡಲಿಲ್ಲ.

ಮಾವ ಬಂದು ಕೂತು ವಡೆಯ ಹಿಟ್ಟಿಗೆ ಕೈ ಹಾಕಿದರು. ಬಲಗೈ ಕಾಳುಮೆಣಸಿನ ಡಬ್ಬಕ್ಕೆ ಹೋಯಿತು. ಅಲ್ಲಿ ಬರೀ ಹಲಗೆ. ಸ್ವಲ್ಪ ಆಚೆ ತಡವಿದರು, ಸ್ವಲ್ಪ ಈಚೆ ತಡವಿದರು. ಸದ್ದು ನಿಂತದ್ದಕ್ಕೆ ನಾನು ತಿರುಗಿ ನೋಡಿದೆ. ಅವರ ಅಂಗೈ ಖಾಲಿ ಹಲಗೆಯ ಮೇಲೆ ಮೆಲ್ಲನೆ ಸರಿಯುತ್ತಿತ್ತು.

"ಎಡಗೈಯ ಹತ್ತಿರವೇ ಉಂಟಲ್ಲ ಅಪ್ಪಾ" ಎಂದರು ಬಾಗಿಲಲ್ಲಿ ನಿಂತ ಅತ್ತಿಗೆ.

ಮಾವ ತಲೆ ಎಡಕ್ಕೆ ತಿರುಗಿಸಿದರು. ತಟ್ಟೆ ಅಲ್ಲೇ ಇತ್ತು, ಮೊಣಕೈಗೆ ತಾಗುವಷ್ಟು ಹತ್ತಿರ. ಅವರ ಕಣ್ಣು ಅದರ ಮೇಲೆ ಹಾದುಹೋಗಿ ಗೋಡೆಯ ಮೇಲೆ ನಿಂತಿತು. ಅವರಿಗೆ ಕಾಣುತ್ತಿಲ್ಲ ಎಂದು ಆ ಕ್ಷಣ ನನಗೆ ಗೊತ್ತಾಯಿತು. ಪೇಪರು ಓದುವುದನ್ನು ಬಿಟ್ಟು ಟಿವಿ ವಾರ್ತೆ ಸಾಕು ಎಂದದ್ದು, ಮೆಟ್ಟಿಲಿಳಿದು ಹೋಗುವುದನ್ನು ನಿಲ್ಲಿಸಿದ್ದು, ಎಲ್ಲ ಒಟ್ಟಿಗೆ ಅರ್ಥವಾಯಿತು.

ನಾನು ಎಂದೂ ಮಾವನನ್ನು ಮುಟ್ಟಿದವಳಲ್ಲ. ಕಾಲಿಗೆ ನಮಸ್ಕಾರ ಮಾಡುವಾಗಲೂ ನೆಲ ಮುಟ್ಟಿಯೇ ಅಭ್ಯಾಸ. ಸೌಟು ಕೆಳಗಿಟ್ಟು ಅವರ ಮಣಿಕಟ್ಟು ಹಿಡಿದು, ಕೈಯನ್ನು ಒಯ್ದು ಡಬ್ಬದ ಮೇಲಿಟ್ಟೆ. ಕೈ ತಣ್ಣಗಿತ್ತು, ಹಿಟ್ಟು ಮೆತ್ತಿತ್ತು.

"ಹ್ಞಾ, ಸಿಕ್ಕಿತು" ಎಂದರು, ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ.

"ಅತ್ತಿಗೆ, ಬಾಳೆಲೆ ಒರೆಸಿ ಕೊಡ್ತೀರಾ?" ಎಂದು ನಾನು ಅತ್ತಿಗೆಯನ್ನು ಹೊರಗೆ ಕಳಿಸಿದೆ. ತಟ್ಟೆಯಿಂದ ಒಂದೊಂದೇ ಡಬ್ಬ ತೆಗೆದು, ಮೊದಲಿದ್ದಲ್ಲೇ ಇಟ್ಟೆ. ಇಡುವಾಗ ಸಣ್ಣಗೆ ಹಲಗೆಗೆ ಕುಟ್ಟಿ ಸದ್ದು ಮಾಡಿದೆ. ಅವರು ಆಲಿಸುತ್ತಾ ತಲೆಯಾಡಿಸುತ್ತಿದ್ದರು. ವಡೆಗಳು ಅವತ್ತು ಒಂದೇ ಅಳತೆಯಲ್ಲಿ ಎದ್ದವು. ತಾರಸಿಯ ಮೇಲೆ ಎಲೆ ಇಟ್ಟು ಬರುವಷ್ಟರಲ್ಲಿ ಕಾಗೆ ಬಂದು ಮುಟ್ಟಿತು. ಉಂಡವರೆಲ್ಲ ಪಾಯಸ ಹೊಗಳಿದರು. ಅತ್ತಿಗೆ ಕಣ್ಣೊರೆಸಿಕೊಂಡು, "ಅಮ್ಮ ಮಾಡಿದ ಹಾಗೇ ಉಂಟು" ಎಂದರು.

ಎಲ್ಲರೂ ಹೋದಮೇಲೆ, ಉರುಳಿ ತೊಳೆಯುತ್ತಾ ಕೇಳಿದೆ. "ಎಷ್ಟು ಸಮಯ ಆಯ್ತು ಮಾವ?"

"ಬದಿಯದ್ದು ಮೊದಲು ಹೋಯ್ತು. ಈಗ ಎದುರಿಗೆ ಒಂದು ಕಿಂಡಿಯಷ್ಟು ಉಂಟು. ಅದೂ ಮಬ್ಬು."

"ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಹೊರಗೆ ಕೂರಿಸ್ತೀರಿ."

ಕಣ್ಣಿನ ಒಳಗಿನ ಒತ್ತಡ ಎಂದರು ಡಾಕ್ಟರು. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ದಿನವೂ ಹನಿ ಬಿಡಬೇಕು. ಇಷ್ಟು ಕಡಿಮೆ ದೃಷ್ಟಿಯಲ್ಲಿ ಇವರು ಅಡುಗೆ ಮಾಡುತ್ತಿದ್ದರಾ ಎಂದು ಅವರು ಮತ್ತೊಮ್ಮೆ ಕೇಳಿದರು. ನನ್ನ ಗಂಡ ಹೆದರಿಹೋದರು. ಮನೆಗೆ ಬಂದವರೇ, "ಇನ್ನು ಅಪ್ಪ ಅಡುಗೆಮನೆಗೆ ಬರುದು ಬೇಡ. ಗ್ಯಾಸು, ಚೂರಿ... ಏನಾದ್ರೂ ಆದ್ರೆ?" ಎಂದರು. ಮಾವ ಅಂಗಿ ಕಳಚಿ ಗೂಟಕ್ಕೆ ಹಾಕಿ, ಹೊರಗೆ ಫ್ರಿಜ್ಜಿನ ಪಕ್ಕದ ಕುರ್ಚಿಯಲ್ಲಿ ಕೂತರು.

ಆ ವಾರ ನಾನೊಬ್ಬಳೇ ಅಡುಗೆ ಮಾಡಿದೆ. ಅಡುಗೆಮನೆಯಲ್ಲಿ ಬೇಕಾದಷ್ಟು ಜಾಗವಿತ್ತು. ಅಭ್ಯಾಸದಿಂದ ಕೈ ಹಿಂದಕ್ಕೆ ಚಾಚುತ್ತಿದ್ದೆ, ಏನೂ ಬರುತ್ತಿರಲಿಲ್ಲ. ಮಾವ ಕುರ್ಚಿಯಲ್ಲಿ ಕೂತು ನನ್ನ ಪಾತ್ರೆಗಳ ಸದ್ದು ಕೇಳುತ್ತಿದ್ದರು. ಎರಡು ದಿನ ನಾನು ಶಾಲೆಗೆ ತಡವಾಗಿ ಹೋದೆ, ಒಂದು ದಿನ ಸಾರಿಗೆ ಉಪ್ಪು ಹಾಕುವುದೇ ಮರೆತೆ. ಮಾವ ಆ ಸಾರನ್ನು ಸುಮ್ಮನೆ ಉಂಡರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಒಲೆ ನನ್ನದು, ಹಲಗೆ ಅವರದ್ದು" ಎಂದು ಗಂಡನಿಗೆ ಹೇಳಿದೆ. "ನಾನು ಒಳಗಿಲ್ಲದಾಗ ಅವರು ಒಲೆ ಹಚ್ಚುದಿಲ್ಲ. ಕಾಫಿಗೆ ಕರೆಂಟಿನ ಕೆಟಲು ತರುವ. ಆದ್ರೆ ಅವರಿಗೆ ಅಲ್ಲಿ ಜಾಗ ಬೇಕು."

"ಕೈ ಕೊಯ್ದುಕೊಂಡ್ರೆ?"

"ನಿಮಗೆ ಎರಡು ಕಣ್ಣೂ ಉಂಟು. ಮೊನ್ನೆ ಮಾವಿನಕಾಯಿ ಕೊಯ್ಯುವಾಗ ಬೆರಳು ಕೊಯ್ದುಕೊಂಡದ್ದು ಯಾರು?"

ಕುರ್ಚಿಯಿಂದ ಒಂದು ಸದ್ದು ಬಂತು. ಈ ಸಲ ಅದು ನಗುವೇ, ಅನುಮಾನವಿರಲಿಲ್ಲ. ನನ್ನ ಗಂಡನೂ ನಕ್ಕರು, ಮತ್ತೆ ತಂದೆಯ ಹತ್ತಿರ ಹೋಗಿ ನೆಲದಲ್ಲಿ ಕೂತರು. ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಿಸಿಕೊಳ್ಳಲಿಲ್ಲ. ಮರುದಿನ ಮಾವ ಸ್ಟೂಲಿನ ಮೇಲಿದ್ದರು. ಹಲಗೆಯ ಮೇಲಿದ್ದುದನ್ನು ಸ್ವಲ್ಪ ಬದಲಾಯಿಸಿದೆವು. ಉಪ್ಪಿನ ಡಬ್ಬಕ್ಕೆ ಒಂದು ದಾರ ಸುತ್ತಿದೆವು, ಸಕ್ಕರೆಯದನ್ನು ಹಾಗೇ ಬಿಟ್ಟೆವು. ಚೂರಿ ಯಾವಾಗಲೂ ಒಂದೇ ಸಂದಿನಲ್ಲಿ, ಹಿಡಿ ಅವರ ಕಡೆಗೆ. ಕಣ್ಣಿಗೆ ಹನಿ ಬಿಡುವುದೂ ಅಲ್ಲೇ, ಕುಕ್ಕರ್ ಕೂಗುವಷ್ಟರಲ್ಲಿ.

ಮೊನ್ನೆ ಮೊನ್ನೆ, ನನ್ನ ಗಂಡನಿಗೆ ಬಡ್ತಿ ಸಿಕ್ಕಿದ ಮೇಲೆ, ದೊಡ್ಡ ಫ್ಲ್ಯಾಟು ನೋಡುವ ಎಂಬ ಮಾತು ಬಂತು. ಕುಲಶೇಖರದಲ್ಲಿ, ಅತ್ತಿಗೆಯ ಮನೆಯ ಹತ್ತಿರವೇ ಒಂದು ಇತ್ತು. ಮೂವರೂ ಹೋದೆವು. ಗಾಳಿ, ಬೆಳಕು, ಲಿಫ್ಟು ಎಲ್ಲ ಚೆನ್ನಾಗಿತ್ತು. ಅಡುಗೆಮನೆ ನಮ್ಮ ಮಲಗುವ ಕೋಣೆಯಷ್ಟಿತ್ತು. ಎರಡು ಕಡೆ ಕಟ್ಟೆ, ಮೇಲೆ ಕೆಳಗೆ ಕಪಾಟು. ನಾನು ಒಂದೊಂದೇ ಕಪಾಟು ತೆರೆದು ನೋಡಿದೆ. ಆಸೆಯಾಗಲಿಲ್ಲ ಎಂದರೆ ಸುಳ್ಳು.

ಮಾವ ಕೋಲು ಬಾಗಿಲಿಗೆ ಒರಗಿಸಿ ಒಳಗೆ ಬಂದರು. ನಡುವೆ ನಿಂತು ಎರಡೂ ಕೈಗಳನ್ನು ಮೆಲ್ಲಗೆ ಬದಿಗೆ ಚಾಚಿದರು. ಯಾವ ಕಡೆಯೂ ಏನೂ ತಾಗಲಿಲ್ಲ. ಒಂದು ಹೆಜ್ಜೆ ಮುಂದೆ ಇಟ್ಟು ಮತ್ತೆ ಚಾಚಿದರು. ಆಮೇಲೆ ಕೈ ಇಳಿಸಿ ಹಾಗೇ ನಿಂತರು. ಹೊರಗೆ ಹೋಗುವ ಬಾಗಿಲು ಎಲ್ಲಿ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ನನ್ನ ಗಂಡ ಬಾಗಿಲಲ್ಲಿದ್ದರು, ಅವರೂ ನೋಡಿದರು. ಹೋಗಿ ತಂದೆಯ ಕೈ ಹಿಡಿದುಕೊಂಡರು.

ಬಸ್ಸಿನಲ್ಲಿ ಮಾವ ನನ್ನ ಪಕ್ಕದ ಸೀಟಿನಲ್ಲಿ ಕೂತರು. "ಒಳ್ಳೆ ಮನೆ" ಎಂದರು. "ನನ್ನಿಂದಾಗಿ ಬಿಡಬೇಡಿ. ನಾನಾದ್ರೂ ಎಷ್ಟು ದಿನ?"

"ಅಷ್ಟು ದೊಡ್ಡದನ್ನು ಗುಡಿಸಿ ಒರೆಸುದು ಯಾರು ಮಾವ? ನನ್ನಿಂದ ಆಗುದಿಲ್ಲ."

ಅವರು ಕಿಟಕಿಯ ಕಡೆ ಮುಖ ಮಾಡಿದರು. ಬಸ್ಸು ಹಂಪನಕಟ್ಟೆಯ ಹತ್ತಿರ ಬಂದು ನಿಧಾನವಾಯಿತು. ಎದುರಿನ ಸೀಟಿನಲ್ಲಿ ಕೂತಿದ್ದ ನನ್ನ ಗಂಡ ಹಿಂದೆ ತಿರುಗಿ, "ಮನೆಗೆ ಬಸಳೆ ತಗೊಳ್ಳುವನಾ? ಇಲ್ಲೇ ಇಳಿದ್ರೆ ಸಿಗ್ತದೆ" ಎಂದು ಕೇಳಿದರು.

"ತಗೋ" ಎಂದರು ಮಾವ. "ದಂಟು ಎಳೆಯದ್ದು ನೋಡು. ಹೆಚ್ಚುದು ನಾನು."